ದಾಸೋಹದ ಉಗ್ರಾಣ ಕಟ್ಟಡಕ್ಕೆ ದೇಣಿಗೆ ಮನವಿ

ಸದ್ಭಕ್ತರೆಲ್ಲರಿಗೂ ಶರಣು ಶರಣಾರ್ಥಿ.

ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ಮಠದ ದಾಸೋಹಕ್ಕೆ ಜೋಳ, ಗೋಧಿ, ಕಡಲೆ, ಬೆಲ್ಲ ಟ್ರ್ಯಾಕ್ಟರ್‌ಗಟ್ಟಲೆ ಬರುತ್ತವೆ. ಕೊಡುವ ಕೈಗಳಿಗೆ ಈ ಭಾಗದಲ್ಲಿ ಎಂದೂ ಬರವಿಲ್ಲ. ಬಂದದ್ದನ್ನು ಕೆಡದಂತೆ ಇಡಲು ಜಾಗವಿಲ್ಲ ಎಂಬುದೇ ಚಿಂತೆ. ಈಗ ಚೀಲಗಳನ್ನು ಪಡಸಾಲೆಯ ಕಲ್ಲುಗೋಡೆಗೆ ಒತ್ತಿ ಒಟ್ಟುತ್ತಿದ್ದೇವೆ. ಶ್ರಾವಣದ ಜಡಿಮಳೆಗೆ ಗೋಡೆ ತೇವ ಹಿಡಿಯುತ್ತದೆ. ಕೆಳಸಾಲಿನ ಚೀಲ ಬಿಚ್ಚಿದರೆ ಅಕ್ಕಿ ಗಂಟುಗಟ್ಟಿ ಮುಗ್ಗಲು ವಾಸನೆ, ಜೋಳದ ತುಂಬ ನುಸಿ. ದಾಸೋಹಕ್ಕೆಂದು ರೈತರು ಎತ್ತಿಟ್ಟ ಕಾಳು ದನದ ಗೋದಲಿ ಸೇರುವುದನ್ನು ನೋಡಲಾಗದು.

ಅದಕ್ಕಾಗಿ ಮಠದ ಹಿಂಭಾಗದಲ್ಲಿ 40 ಅಡಿ ಉದ್ದ, 25 ಅಡಿ ಅಗಲದ ಉಗ್ರಾಣ ಕಟ್ಟಲು ನಿಶ್ಚಯಿಸಿದ್ದೇವೆ. ಒಟ್ಟು ಅಂದಾಜು 16 ಲಕ್ಷ ರೂಪಾಯಿ. ಇದರಲ್ಲಿ 5 ಲಕ್ಷ 40 ಸಾವಿರ ಬುನಾದಿಗೇ ಬೇಕು. ಇಷ್ಟೇಕೆ ಎಂದು ಹಲವರು ಕೇಳಿದ್ದಾರೆ, ಕೇಳಬೇಕಾದ ಮಾತೇ. ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಮೇಲುಮೇಲೆ ಪಾಯ ಹಾಕಿದರೆ ಕೆಲವೇ ವರ್ಷಗಳಲ್ಲಿ ಗೋಡೆ ಸೀಳುತ್ತದೆ. ಹೀಗಾಗಿ ಗಟ್ಟಿ ನೆಲ ಸಿಗುವವರೆಗೆ ಅಗೆದು, ಎರೆ ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹೊಡೆದು ದಮ್ಮಸ್ಸು ಮಾಡಬೇಕು. ನೆಲಗಟ್ಟನ್ನು ಟ್ರ್ಯಾಲಿಯ ಮಟ್ಟಕ್ಕೆ ಎತ್ತರಿಸುತ್ತೇವೆ. ಮಳೆನೀರು ಒಳಬರುವುದಿಲ್ಲ, ಹಮಾಲರ ಸೊಂಟಕ್ಕೂ ಆರಾಮ. ಈ ಬಾಬತ್ತಿನಲ್ಲಿ ಉಳಿತಾಯ ಬೇಡವೆಂಬುದು ಸಮಿತಿಯ ಸ್ಪಷ್ಟ ನಿಲುವು. ತಗಡು ಹಾಳಾದರೆ ಬದಲಿಸಬಹುದು, ಬುನಾದಿಯನ್ನು ಬದಲಿಸಲಾಗದು.

ಗೋಡೆ, ಕಂಬಗಳಿಗೆ 3 ಲಕ್ಷ 60 ಸಾವಿರ. ಕಬ್ಬಿಣದ ಟ್ರಸ್ ಮತ್ತು ತಗಡಿನ ಛಾವಣಿಗೆ 3 ಲಕ್ಷ 20 ಸಾವಿರ. ನೆಲಕ್ಕೆ 1 ಲಕ್ಷ 60 ಸಾವಿರ: ತೇವ ಮೇಲೇರದಂತೆ ಕಾಂಕ್ರೀಟಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. ಶಟರ್, ಹೆಗ್ಗಣ ನುಸುಳದಂತೆ ಜಾಳಿಗೆ ಹಾಕಿದ ಗಾಳಿಕಿಂಡಿಗಳಿಗೆ 90 ಸಾವಿರ, ವಿದ್ಯುತ್ ಮತ್ತು ಸುಣ್ಣಬಣ್ಣಕ್ಕೆ 50 ಸಾವಿರ. ಉಳಿದ 80 ಸಾವಿರ ದರ ಏರಿದರೆ ಇರಲಿ ಎಂದು. ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದದ್ದನ್ನು ಲೆಕ್ಕಕ್ಕೆ ಹಿಡಿದೇ ಈ ಅಂದಾಜು ಮಾಡಿಸಿದ್ದೇವೆ.

ಗೋಡೆಯಿಂದ ಎರಡಡಿ ಬಿಟ್ಟು, ಮರದ ಹಲಗೆಗಳ ಮೇಲೆ ಒಟ್ಟಿದರೂ 50 ಕಿಲೋದ 600 ಚೀಲ ನಿರಾಳವಾಗಿ ಹಿಡಿಯುತ್ತವೆ.

ಮಠದ ಬಳಿ 5 ಲಕ್ಷ ಇದೆ, ಇನ್ನು 11 ಲಕ್ಷ ಕೂಡಬೇಕು. ಹಣವನ್ನೇ ಕೊಡಬೇಕೆಂದಿಲ್ಲ. ಒಂದು ಟ್ರಿಪ್ ಗರಸು, ಹತ್ತು ಚೀಲ ಸಿಮೆಂಟ್, ಟ್ರ್ಯಾಕ್ಟರಿನ ಒಂದು ದಿನದ ಬಾಡಿಗೆ, ಒಂದು ದಿನದ ಶ್ರಮದಾನ, ಎಲ್ಲಕ್ಕೂ ರಸೀದಿ ಕೊಡುತ್ತೇವೆ. ತೆರಿಗೆ ವಿನಾಯಿತಿ ಬೇಕಾದವರು 2,000 ರೂಪಾಯಿ ಮೀರಿದ ಮೊತ್ತವನ್ನು ನಗದಾಗಿ ಕೊಡದೆ ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕಳಿಸಿರಿ. ಗುಪ್ತದಾನ ಮಾಡುವವರ ಹೆಸರನ್ನು ಪ್ರಕಟಿಸುವುದಿಲ್ಲ.

ಮುಂಗಾರಿಗೆ ಮುನ್ನ ಬುನಾದಿ ಮುಗಿಯಲೇಬೇಕು. ಹಸಿ ಎರೆಯಲ್ಲಿ ಅಗೆತ ಸಾಗುವುದಿಲ್ಲ. ಆದ್ದರಿಂದ ಗರಸು ಮತ್ತು ಟ್ರ್ಯಾಕ್ಟರ್ ಕೊಡುವವರು ಮೊದಲು ಹೆಸರು ಬರೆಸಿರಿ. ಜಮಾಖರ್ಚನ್ನು ಪ್ರತಿ ಅಮಾವಾಸ್ಯೆಯಂದು ಮಠದ ಫಲಕದಲ್ಲಿ ಹಚ್ಚುತ್ತೇವೆ. ಬಿಲ್ಲುಗಳನ್ನು ಯಾರು ಬೇಕಾದರೂ ಕಚೇರಿಗೆ ಬಂದು ನೋಡಬಹುದು.

ಇಂತಿ,
ದಾಸೋಹ ಸಮಿತಿಯ ಪರವಾಗಿ