ಹಳೇ ಆಂಪ್ಲಿಫೈಯರನ್ನು ಗುಜರಿಗೆ ಹಾಕುವ ಮುಂಚೆ

ಮಾನ್ಯ ಸಂಪಾದಕರೇ,

ಚೆನ್ನಾಗಿ ನುಡಿಯುವ ಹಳೇ ಸ್ಟೀರಿಯೊವನ್ನು ಗುಜರಿಗೆ ಹಾಕಿ, ಅದರ ಜಾಗದಲ್ಲಿ ಒಂದು ಬ್ಲೂಟೂತ್ ಡಬ್ಬಿ ತಂದಿಡುವವರನ್ನು ಕಂಡಾಗೆಲ್ಲ ಸಂಕಟವಾಗುತ್ತದೆ. ಅದಕ್ಕೇ ಈ ಪತ್ರ.

ನನ್ನ ಆಂಪ್ಲಿಫೈಯರ್‌ಗೆ ಮೂವತ್ತು ವರ್ಷ ದಾಟಿದೆ. ಸ್ಪೀಕರ್‌ಗಳೂ ಅದೇ ಕಾಲದವು. ಸಿ.ಡಿ. ಪ್ಲೇಯರ್ ಕೆಟ್ಟ ಮೇಲೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಅದಕ್ಕೆ ವೈರ್ ಎಳೆದೆ. ಹಾಡೇನೋ ಬಂತು. ಜೊತೆಗೆ ಸುಂಯ್ ಅನ್ನುವ ಸದ್ದೂ ಬಂತು. ಮೌಸ್ ಅಲ್ಲಾಡಿಸಿದರೆ ಕಿರ್ ಕಿರ್. ಪಿಟೀಲಿನ ಒಂದೇ ತಂತಿ ಮೆಲ್ಲಗೆ ನುಡಿಯುವಾಗಲೇ ಅದು ಜಾಸ್ತಿ ಕೇಳುತ್ತಿತ್ತು. ನೋಡಿದವರೆಲ್ಲ, ‘ಆಂಪ್ಲಿಫೈಯರ್ ಹಳೇದಾಯ್ತು, ಬದಲಾಯಿಸಿ’ ಎಂದರು. ತಪ್ಪು ಅದರದ್ದಾಗಿರಲಿಲ್ಲ.

ಕಂಪ್ಯೂಟರಿನಲ್ಲಿರುವ ಹಾಡು ಬರೀ ಅಂಕಿಗಳ ಸಾಲು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗಿನ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ: ಪ್ರತಿ ಚಾನೆಲಿಗೆ ಸೆಕೆಂಡಿಗೆ 44,100 ಅಳತೆ, ಒಂದೊಂದೂ 16 ಬಿಟ್. ಈ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾಡುವುದೇ ಡ್ಯಾಕ್. ಲ್ಯಾಪ್‌ಟಾಪಿನೊಳಗೂ ಅದು ಇದೆ. ಆದರೆ ಪ್ರೊಸೆಸರಿನ ಗದ್ದಲದ ಪಕ್ಕದಲ್ಲೇ ಕೂತಿರುತ್ತದೆ. ಅದೇ ಕೆಲಸಕ್ಕೆ ಅಂಗೈಯಗಲದ ಬೇರೆ ಪೆಟ್ಟಿಗೆ ತಂದೆ. ಯು.ಎಸ್.ಬಿ. ವೈರಿನಲ್ಲಿ ಜೋಡಿಸಿದ ಕೂಡಲೇ ಮೌಸಿನ ಕಿರಿಕಿರಿ ನಿಂತಿತು.

ಚಾರ್ಜರ್ ಹಾಕಿದಾಗ ಮಾತ್ರ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಎರಡು ಉಪಕರಣಗಳ ಅರ್ಥಿಂಗ್ ಬೇರೆ ಬೇರೆ ದಾರಿಯಲ್ಲಿ ಸೇರಿ ಸುತ್ತು ಹಾಕಿದಾಗ ಹೀಗಾಗುತ್ತದೆ. ಬ್ಯಾಟರಿಯಲ್ಲಿ ಓಡಿಸಿದರೆ ಇಲ್ಲ. ಟಿ.ವಿ.ಯಿಂದ ಡ್ಯಾಕ್‌ಗೆ ಎಳೆದ ಆಪ್ಟಿಕಲ್ ಕೇಬಲ್‌ನಲ್ಲಂತೂ ಹರಿಯುವುದು ಬೆಳಕು, ಕರೆಂಟ್ ಅಲ್ಲ. ಗುಂಯ್ ಎಲ್ಲಿಂದ ಬರಬೇಕು! ಆದರೆ ಮೊದಲ ದಿನ ಅದರಲ್ಲಿ ಸದ್ದೇ ಬರಲಿಲ್ಲ. ಟಿ.ವಿ. ಸೆಟ್ಟಿಂಗ್ಸ್‌ನಲ್ಲಿ ಡಾಲ್ಬಿ (ನನ್ನ ಡ್ಯಾಕ್ ಬಿಡಿಸಲಾರದ, ಅಡಕ ಮಾಡಿದ ರೂಪ) ಇದ್ದದ್ದನ್ನು ಪಿ.ಸಿ.ಎಂ. (ಅಡಕ ಮಾಡದ ಬರೀ ಅಂಕಿಗಳ ಸಾಲು) ಮಾಡಬೇಕಿತ್ತು. ಡ್ಯಾಕ್ ಜೊತೆ ಬಂದ ಪುಸ್ತಕದಲ್ಲಿ ಈ ಒಂದು ಸಾಲು ಇರಲಿಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟು ಜನ ‘ಪೆಟ್ಟಿಗೆ ಕೆಟ್ಟಿದೆ’ ಎಂದು ವಾಪಸ್ ಕೊಟ್ಟಿರಬಹುದು, ಅಲ್ವಾ? ಇನ್ನೊಂದು: ಡ್ಯಾಕ್‌ನ ವೈರನ್ನು ಆಂಪ್ಲಿಫೈಯರ್ ಹಿಂದೆ ಫೋನೊ ಎಂದು ಬರೆದ ತೂತಿಗೆ ಹಾಕಬೇಡಿ. ಅದು ರೆಕಾರ್ಡ್ ಪ್ಲೇಯರಿನ ತೀರಾ ಸಣ್ಣ ಸಿಗ್ನಲ್‌ಗೆಂದೇ ಮಾಡಿದ್ದು. ಆಕ್ಸ್ ಅಥವಾ ಸಿ.ಡಿ. ಎಂದು ಬರೆದದ್ದೇ ಸರಿ.

ಜಾಹೀರಾತುಗಳಲ್ಲಿ 32 ಬಿಟ್, 768 ಕಿಲೋಹರ್ಟ್ಸ್ (ಅಂದರೆ ಸೆಕೆಂಡಿಗೆ 7,68,000 ಅಳತೆ) ಎಂದೆಲ್ಲ ಬರುತ್ತದೆ. ಒಂದೇ ಹಾಡನ್ನು 192ರಲ್ಲೂ 44.1ರಲ್ಲೂ ಇಟ್ಟುಕೊಂಡು, ಯಾವುದು ಯಾವುದೆಂದು ಹೇಳದೆ ಬದಲಿಸುತ್ತಾ ಹೋಗು ಎಂದು ಮಗಳಿಗೆ ಹೇಳಿದೆ. ವಾಲ್ಯೂಮ್ ಎರಡಕ್ಕೂ ಸಮ ಇಟ್ಟಿದ್ದೆ. ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸಿಬಿಡುತ್ತದೆ, ಅದಕ್ಕೆ. ಎಷ್ಟು ಸಲ ಕೇಳಿದರೂ ನನಗೆ ಗುರುತು ಸಿಗಲಿಲ್ಲ. 44,100 ಅಳತೆಯಲ್ಲಿ ಸುಮಾರು 22,000 ಹರ್ಟ್ಸ್‌ವರೆಗಿನ ಸ್ವರ ಹಿಡಿಸುತ್ತದೆ. ಮನುಷ್ಯನ ಕಿವಿಯ ಮಿತಿ ಸುಮಾರು 20,000. ವಯಸ್ಸಾದಂತೆ ಅದೂ ಇಳಿಯುತ್ತದೆ. ಸುಮ್ನೆ ದೊಡ್ಡ ಅಂಕಿಗೆ ದುಡ್ಡು ಸುರಿಯುವ ಬದಲು ಸ್ಪೀಕರನ್ನು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ಎಳೆದು ನೋಡಿ. ನಮ್ಮ ಮನೆಯಲ್ಲಿ ಆ ವ್ಯತ್ಯಾಸ ಎಲ್ಲರಿಗೂ ಕೇಳಿಸಿತು.

ನಿಮ್ಮ ಪತ್ರಿಕೆಯಲ್ಲಿ ಹೊಸ ಸ್ಪೀಕರ್‌ಗಳ ಪರಿಚಯ ಆಗಾಗ ಬರುತ್ತದೆ. ಒಂದು ವಾರ ಆ ಜಾಗವನ್ನು ಹಳೇ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಕೊಡಿ. ಯಾವ ವೈರ್ ಯಾವ ತೂತಿಗೆ ಅನ್ನುವ ಒಂದು ಚಿತ್ರ ಹಾಕಿದರೂ ಸಾಕು.

– ಒಬ್ಬ ಓದುಗ