ಪುಟ 61ರ ಧೂಳು: ಬರೆಯುವ ಹುಡುಗನಿಗೊಂದು ಪತ್ರ

ಪ್ರೀತಿಯ ತಮ್ಮಾ,

ನಿನ್ನ ಹಾಳೆಗಳ ಕಟ್ಟು ತಲುಪಿ ಮೂರು ವಾರ ಆಯಿತು. ಎರಡು ಸಲ ಓದಿದೆ. ಪ್ರಕಾಶಕರು ಯಾರು ಸಿಗಬಹುದು, ಅಧ್ಯಾಯ ಎಷ್ಟು ಉದ್ದ ಇರಬೇಕು, ಸ್ಪರ್ಧೆಗೆ ಕಳಿಸಲಾ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ, ಬಿಡು. ಕೊನೆಯ ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಮಾತು ಬರೆದಿದ್ದೀಯಲ್ಲ, ಅದಕ್ಕೆ ನನ್ನ ಉತ್ತರ ಇದು. ‘1380 ಕೋಟಿ ವರ್ಷದ ವಿಶ್ವದ ಮುಂದೆ ನಾನೊಂದು ಧೂಳಿನ ಕಣ. ಬರೆದು ಏನಾಗಬೇಕಿದೆ?’ ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸಿಟ್ಟು ಬಂತು.

ನಿನ್ನ ಬರಹದಲ್ಲಿ ಒಬ್ಬ ಸ್ವಾಮೀಜಿ, ಒಬ್ಬ ವಿಜ್ಞಾನಿ, ಒಬ್ಬ ಕವಿ ಆಲದ ಮರದ ಕೆಳಗೆ ಕೂತು ಎಂಬತ್ತು ಪುಟ ಮಾತಾಡುತ್ತಾರೆ. ವಿಶ್ವ ಹೇಗೆ ಹುಟ್ಟಿತು, ಮನುಷ್ಯ ಯಾಕೆ ಬಂದ, ಎಲ್ಲ ಆಗುತ್ತದೆ. ಕೊನೆಗೆ ದಾರಿ ಮೂರಾದರೂ ಊರು ಒಂದೇ ಅಂತ ಒಪ್ಪಿಕೊಂಡು ಎದ್ದು ಹೋಗುತ್ತಾರೆ. ಮೂವರಿಗೂ ನಿನ್ನದೇ ದನಿ. ಯಾರಿಗೂ ಹಸಿವಾಗುವುದಿಲ್ಲ, ಒಬ್ಬರೂ ಎದ್ದು ಒಂದು ಗುಟುಕು ನೀರು ಕುಡಿಯುವುದಿಲ್ಲ. ಅವರು ಆಡುವ ಮಾತಿನಲ್ಲಿ ನೀನು ಕಣ್ಣಾರೆ ಕಂಡದ್ದು ಎಷ್ಟು? ಧೂಳಿನ ಕಣ ಅನ್ನುವುದೂ ಯಾರೋ ಹೇಳಿದ್ದು. ನೀನು ಎತ್ತಿಕೊಂಡೆ, ಅಷ್ಟೇ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಇದನ್ನು ಹೆಚ್ಚು ಜನರಿಗೆ ಹೇಳಿಲ್ಲ.

1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣ ಆಯಿತು. ಚಂದ್ರನ ನೆರಳು ಅಂಕೋಲಾದ ಕಡಲಿನಿಂದ ಹತ್ತಿ, ಹುಬ್ಬಳ್ಳಿ ದಾಟಿ, ರಾಯಚೂರಿನ ಕಡೆ ಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ವಿಜ್ಞಾನಿಗಳು ದೂರದರ್ಶಕ ಹೂಡಿ ಕಾದಿದ್ದರು. ನಾನು ಹುಬ್ಬಳ್ಳಿಯಲ್ಲಿದ್ದೆ, ಕಾಲೇಜಿನ ಮೊದಲ ವರ್ಷ. ಆ ನೆರಳು ನಮ್ಮ ಮನೆಯ ಹೆಂಚಿನ ಮೇಲೇ ಬಂತು. ನಾನು ಒಳಗಿದ್ದೆ. ಅಜ್ಜಿ ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿದ್ದರು. ಮೊಸರಿನ ಗಡಿಗೆ, ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ಮೂಲೆಯಲ್ಲಿ ಕೂತು ಜಪ ಮಾಡುತ್ತಿದ್ದರು. ಅಜ್ಜಿಯ ಭಯ ನಿಜ, ಭಕ್ತಿಯೂ ನಿಜ. ನನಗೆ ಎರಡೂ ಇರಲಿಲ್ಲ. ಬಾಗಿಲು ತೆಗೆಯುವ ಧೈರ್ಯವೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಪತ್ರಿಕೆಗೆ ಆ ಗ್ರಹಣದ ಮೇಲೆ ಲೇಖನ ಬರೆದೆ. ಮಾಳಿಗೆಯ ಮೇಲೆ ನಿಂತು ನೋಡಿದೆ ಅಂತ ಬರೆದೆ. ಕಪ್ಪು ಸೂರ್ಯ, ಸುತ್ತ ಬೆಳ್ಳಿ ಬೆಳಕು, ಅನಂತದ ಎದುರು ಅಣುವಾದ ನಾನು. ಎಲ್ಲವೂ ಓದಿದ್ದು. ಜನ ತುಂಬಾ ಹೊಗಳಿದರು. ಮೇಷ್ಟ್ರೊಬ್ಬರು ತರಗತಿಯಲ್ಲಿ ಓದಿಸಿದರು. ಆಮೇಲೆ ರಾಯಚೂರಿನ ಕಡೆಯಿಂದ ಒಂದು ಕಾರ್ಡು ಬಂತು, ಒಬ್ಬ ರೈತ ಬರೆದದ್ದು. ‘ನಾವು ಹೊಲದಾಗ ಜೋಳ ಕೀಳಾಕತ್ತಿದ್ವಿ. ಕತ್ತಲಾದ ಕೂಡಲೇ ಎತ್ತು ಮನೀ ಕಡೆ ತಿರುಗಿದ್ವು. ನಿಮ್ಮ ಕಡೆ ದನ, ಹಕ್ಕಿ ಏನ್ ಮಾಡಿದ್ವು? ಅದನ್ನ ಬರದಿಲ್ಲಲ್ಲ.’

ಅವರಿಗೆ ಸಂಶಯ ಇರಲಿಲ್ಲ ತಮ್ಮಾ. ನಿಜಕ್ಕೂ ತಿಳಿಯುವ ಆಸೆ ಇತ್ತು. ನಾನು ಉತ್ತರ ಬರೆಯಲಿಲ್ಲ. ಆ ಕಾರ್ಡು ಇವತ್ತಿಗೂ ನನ್ನ ಹತ್ತಿರ ಇದೆ. ಮೂರು ನಿಮಿಷವೂ ಇರದ ಆ ಕತ್ತಲು ನನ್ನ ತಲೆಯ ಮೇಲೇ ಹಾದುಹೋಗಿತ್ತು, ನನಗೆ ಮತ್ತೆ ಸಿಗಲಿಲ್ಲ. ಅದಕ್ಕಿಂತ ಜಾಸ್ತಿ ಸುಡುವುದು ಆ ಎತ್ತುಗಳು.

ನೀನು ಬಾಗಲಕೋಟೆ ಜಿಲ್ಲೆಯವನು. ನಿಮ್ಮ ಜಮಖಂಡಿಯಲ್ಲಿ 1868ರ ಆಗಸ್ಟ್ 18ರಂದು ಇನ್ನೊಂದು ಖಗ್ರಾಸ ಗ್ರಹಣ ಕಂಡಿತ್ತು, ಗೊತ್ತಾ? ಜಾನ್ ಹರ್ಷೆಲ್ ಅನ್ನುವ ಲೆಫ್ಟಿನೆಂಟ್ ವರ್ಣಪಟಲ ನೋಡುವ ಉಪಕರಣ ಹಿಡಿದು ಅಲ್ಲಿಗೆ ಬಂದಿದ್ದ. ಅದು ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುತ್ತದೆ, ಅದರಲ್ಲಿ ಕಾಣುವ ಗೆರೆಗಳಿಂದ ಅಲ್ಲಿ ಯಾವ ಧಾತು ಇದೆ ಅಂತ ತಿಳಿಯುತ್ತದೆ. ಮಳೆಗಾಲ, ಮೋಡ ಅಡ್ಡ ಬಂತು. ಮೋಡದ ಸಂದಿಯಲ್ಲಿ ಸಿಕ್ಕಷ್ಟು ನೋಡಿದ. ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ, ಮೂರು ಗೆರೆ. ಕಂಡಷ್ಟನ್ನು ಬರೆದ, ಮೋಡವನ್ನೂ ಬರೆದ. ಆ ಕಿತ್ತಳೆ ಗೆರೆ ಸೋಡಿಯಂನದು ಅಂತ ಆಗ ಹಲವರು ತಿಳಿದರು. ತಪ್ಪು. ಅದು ಹೀಲಿಯಂ, ಆಗ ಯಾರಿಗೂ ಗೊತ್ತಿರದ ಅನಿಲ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ನೋಡಿ ಬರೆದ ತಪ್ಪನ್ನು ಮುಂದಿನವರು ತಿದ್ದಿದರು. ನನ್ನ ಲೇಖನವನ್ನು ಯಾರು, ಹೇಗೆ ತಿದ್ದಬೇಕು?

ನಿನ್ನ ಸ್ವಾಮೀಜಿಗೆ ಎಲ್ಲ ಗೊತ್ತು. ಕೇಳಿದ ತಕ್ಷಣ ಉತ್ತರ ಕೊಡುತ್ತಾರೆ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಗೆ 454 ಕೋಟಿ, ನೋಡಿ ಹೇಗೆ ಹೊಂದುತ್ತದೆ ಅನ್ನುತ್ತಾರೆ. ದಯವಿಟ್ಟು ಅದನ್ನು ಕಿತ್ತು ಹಾಕು. ಋಗ್ವೇದದ ಹತ್ತನೇ ಮಂಡಲದಲ್ಲಿ ಸೃಷ್ಟಿಯ ಸೂಕ್ತ ಇದೆ. ಇದೆಲ್ಲ ಎಲ್ಲಿಂದ ಬಂತು, ಯಾರು ಬಲ್ಲರು ಅಂತ ಕೇಳುತ್ತದೆ. ಮೇಲೆ ಕೂತು ನೋಡುವವನಿಗೆ ಗೊತ್ತಿರಬಹುದು, ಇಲ್ಲಾ ಅವನಿಗೂ ಗೊತ್ತಿಲ್ಲದಿರಬಹುದು ಅಂತ ಮುಗಿಯುತ್ತದೆ. ಅಷ್ಟು ಹಿಂದೆ, ದೇವರ ಎದುರೇ ನಿಂತು, ಗೊತ್ತಿಲ್ಲ ಅಂದ ಆ ಕವಿಯನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ನಿನ್ನ ಮೂವರಲ್ಲಿ ಒಬ್ಬರೂ ಆ ಮಾತು ಆಡುವುದಿಲ್ಲ.

ಆದರೆ ಪುಟ 61. ಅಲ್ಲಿ ನೀನು ಮರದ ಕೆಳಗಿನಿಂದ ಎದ್ದು ಒಂದು ನಿಮಿಷ ಮನೆಗೆ ಹೋಗಿದ್ದೀಯ. ಇಳಕಲ್ಲಿನ ಕಲ್ಲು ಕ್ವಾರಿಯಿಂದ ಅಪ್ಪ ಬರುತ್ತಾರೆ. ಹಿತ್ತಲಲ್ಲಿ ಬಾಯಿ ಮುಕ್ಕಳಿಸುತ್ತಾರೆ. ಬಚ್ಚಲ ಕಲ್ಲಿನ ಮೇಲೆ ನೀರು ತೆಳು ಕೆಂಪಾಗಿ ಹರಿಯುತ್ತದೆ. ರೆಪ್ಪೆಯ ಮೇಲೂ ಧೂಳು. ಹೊಸ ಬಂಡೆಗೆ ಡ್ರಿಲ್ ಇಡುವ ಮುಂಚೆ ಕಾಯಿ ಒಡೆದು ಕೈಮುಗಿದದ್ದನ್ನು ಅಪ್ಪ ಹೇಳುತ್ತಾರೆ, ಕೆಮ್ಮುತ್ತಾರೆ. ಏಳು ಸಾಲು. ಆಮೇಲೆ ಮತ್ತೆ ಆಲದ ಮರ! ಯಾಕೆ ಓಡಿ ಹೋದೆ?

ನಿಮ್ಮ ಕಡೆಯ ಆ ಕೆಂಪು ಕಲ್ಲಿಗೆ ಹೆಚ್ಚು ಕಡಿಮೆ 250 ಕೋಟಿ ವರ್ಷ. ಅದು ಗಟ್ಟಿಯಾದಾಗ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಅದರೊಳಗಿನ ಸಿಲಿಕಾ ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ. ಎರಡೂ ಸೂರ್ಯ ಹುಟ್ಟುವ ಮುಂಚೆ ಬೇರೆ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದವು. ನಿನ್ನಪ್ಪ ಕಾಯಿ ಒಡೆಯುವುದು ಅದಕ್ಕೆ, ಕೊರೆಯುವುದು ಅದನ್ನು, ಉಸಿರಾಡುವುದೂ ಅದನ್ನೇ. ನಿನ್ನ ಧೂಳಿನ ಕಣ ಅಲ್ಲಿದೆ, ಪುಟ 61ರಲ್ಲಿ. ಕಾಯಿ ಒಡೆಯುವಾಗ ಅಪ್ಪ ಏನಂತ ಬೇಡಿಕೊಳ್ಳುತ್ತಾರೆ? ಕೇಳಿದ್ದೀಯಾ? ಕೇಳದೆ ನೀನೇ ಒಂದು ಪ್ರಾರ್ಥನೆ ಬರೆಯಬೇಡ.

ಇನ್ನೊಂದು ಮಾತು, ಇದು ಬರವಣಿಗೆಯದಲ್ಲ. ಆ ಕೆಮ್ಮು ಎಷ್ಟು ದಿನದಿಂದ ಇದೆ? ಕಲ್ಲಿನ ಧೂಳು ಎದೆಗೆ ಇಳಿಯುತ್ತಾ ಹೋದರೆ ಸಿಲಿಕೋಸಿಸ್ ಬರಬಹುದು. ಶ್ವಾಸಕೋಶದಲ್ಲಿ ಆದ ಆ ಗಾಯ ಮತ್ತೆ ಮಾಯುವುದಿಲ್ಲ. ಬೇಗ ಗೊತ್ತಾಗಿ ಧೂಳಿನಿಂದ ದೂರ ಉಳಿದರೆ ಅದು ಹೆಚ್ಚಾಗುವುದನ್ನು ನಿಧಾನ ಮಾಡಬಹುದು. ಈ ವಾರವೇ ಅಪ್ಪನನ್ನು ಕರೆದುಕೊಂಡು ಹೋಗಿ ಎದೆಯ ಎಕ್ಸ್‌ರೇ ತೆಗೆಸು. ಕ್ವಾರಿ ಕೆಲಸ ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳು. ಏನಂದರು ಅಂತ ನನಗೆ ತಿಳಿಸು. ಹಾಳೆಗಳನ್ನು ವಾಪಸ್ ಕಳಿಸುತ್ತಿದ್ದೇನೆ, ಪುಟ 61 ಮೇಲೆ ಇಟ್ಟಿದ್ದೇನೆ.