ಇಂಜೆಕ್ಷನ್ ಬಿಡಬೇಡ ಮಗಳೇ

ಕಲಬುರಗಿ
ಭಾನುವಾರ ರಾತ್ರಿ

ಮಗಳೇ,

ನಿನ್ನೆ ಫೋನಿನಲ್ಲಿ ದನಿ ಏರಿಸಿಬಿಟ್ಟೆ, ಬೇಜಾರು ಮಾಡ್ಕೋಬೇಡ. "ಸುಸ್ತು ಹೋಯ್ತಪ್ಪಾ, ಅದಕ್ಕೇ ಬಿ12 ಇಂಜೆಕ್ಷನ್ ಬಿಟ್ಟೆ" ಅಂತ ನೀನು ಸಲೀಸಾಗಿ ಹೇಳಿದಾಗ ನನಗೆ ತಡೆಯಲಿಲ್ಲ. ಫೋನಿನಲ್ಲಾದರೆ ಮತ್ತೆ ಜಗಳವೇ ಆಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ರಕ್ತದ ರಿಪೋರ್ಟಿನಲ್ಲಿ ವಿಟಮಿನ್ ಬಿ12 ಬರೀ 118 ಇದೆ. 200ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಅಂತಲೇ ಲೆಕ್ಕ. ಪಾದ ಜುಮ್ಮೆನ್ನುತ್ತದೆ ಅಂತ ನೀನೇ ಹೇಳಿದ್ದೆ. ನನ್ನ ಜೀವ ಆ ಪಾದದಲ್ಲೇ ಇದೆ.

ನೀನು ಕಂಡದ್ದು ಹಾಸಿಗೆ ಹಿಡಿದ ನಿನ್ನ ಆಯಿಯನ್ನು, ನನ್ನ ಅವ್ವನನ್ನು. ಅದಕ್ಕೂ ಮುಂಚಿನ ಮಾತಿದು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಮರುದಿನ ಮಧ್ಯಾಹ್ನ ಅಂಗಡಿ ಸಾಲಿಗೆ ಹೋಗಿದ್ದೆವು. ನಮ್ಮ ಬಿಸಿಲು ಗೊತ್ತಲ್ಲ, ಡಾಂಬರು ಮೆತ್ತಗಾಗಿತ್ತು. ಆಯಿ ಬಳೆ ರೇಟಿನ ಬಗ್ಗೆ ಮಾತಾಡುತ್ತಾ ನನ್ನ ಪಕ್ಕ ನಡೆಯುತ್ತಿದ್ದಳು. ನೋಡಿದರೆ ಎಡಗಾಲಲ್ಲಿ ಚಪ್ಪಲಿ ಇಲ್ಲ. "ಅವ್ವಾ, ಚಪ್ಪಲಿ ಎಲ್ಲಿ?" ಅಂದೆ. ಕೆಳಗೆ ನೋಡಿ, ಬೇರೆ ಯಾರದೋ ಕಾಲು ನೋಡಿದ ಹಾಗೆ ನಿಂತುಬಿಟ್ಟಳು. ಹಿಂದಕ್ಕೆ ಹೋಗಿ ಹುಡುಕಿದೆ. ಚಪ್ಪಲಿ ಎಷ್ಟೋ ದೂರದಲ್ಲಿ, ಕಲ್ಯಾಣಸೇವೆ ಮಾರುವ ತಿಂಡಿ ಅಂಗಡಿ ಹತ್ತಿರ ಬಿದ್ದಿತ್ತು. ಅಷ್ಟು ದೂರ ಅವಳು ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆದಿದ್ದಳು. ಮನೆಗೆ ಬಂದು ನೋಡಿದರೆ ಅಂಗಾಲಲ್ಲಿ ದೊಡ್ಡ ಬೊಬ್ಬೆ. "ಉರೀತದೇನವ್ವಾ?" ಅಂದರೆ "ಏನೂ ಇಲ್ಲಪ್ಪಾ" ಅಂದಳು. ನಿಜವಾಗಲೂ ಏನೂ ಇರಲಿಲ್ಲ. ಆ ಮಾತೇ ನನ್ನನ್ನು ಇವತ್ತಿಗೂ ಕಾಡುತ್ತದೆ.

ಆಗ ಆಯಿ ಒಂದು ಕ್ಲಿನಿಕ್‌ನವರು ಕೊಟ್ಟ ಕಬ್ಬಿಣ, ಫೋಲಿಕ್ ಆಸಿಡ್ ಟಾನಿಕ್ ಕುಡಿಯುತ್ತಿದ್ದಳು. ರಕ್ತ ಏರಿತ್ತು, ಮುಖಕ್ಕೆ ಕಳೆ ಬಂದಿತ್ತು. ಎಲ್ಲರೂ ಖುಷಿಯಾಗಿದ್ದೆವು. ಆದರೆ ಬಿ12 ಕೊರತೆಯಲ್ಲಿ ಫೋಲಿಕ್ ಆಸಿಡ್ ರಕ್ತವನ್ನಷ್ಟೇ ಸರಿ ಮಾಡುತ್ತದೆ, ನರವನ್ನು ಕಾಯುವುದಿಲ್ಲ. ನರದ ಮೇಲಿನ ಹೊದಿಕೆಗೆ ಬಿ12 ಬೇಕೇ ಬೇಕು. ಮೇಲೆ ಎಲ್ಲಾ ಚೆನ್ನಾಗಿ ಕಾಣುತ್ತಿದ್ದಾಗಲೇ ಒಳಗೆ ಆಯಿಯ ನರ ಸವೆಯುತ್ತಿತ್ತು. ಕೊನೆಗೆ ನರದ ಡಾಕ್ಟರು ಕಂಪಿಸುವ ಒಂದು ಕವಲು ಕಡ್ಡಿಯನ್ನು ಅವಳ ಕಣಕಾಲಿನ ಮೂಳೆಗೆ ಇಟ್ಟರು. ಏನೂ ಗೊತ್ತಾಗಲಿಲ್ಲ. ಮಣಿಕಟ್ಟಿಗೆ ಇಟ್ಟಾಗ "ಹಾಂ, ಗುಂಯ್ ಅಂತದ" ಅಂದಳು. ಇಂಜೆಕ್ಷನ್ ಶುರುವಾಯಿತು, ಆದರೆ ಕಾಲಿನ ಅರಿವು ಪೂರ್ತಿ ಮರಳಲಿಲ್ಲ. ನೆಲ ಎಲ್ಲಿದೆ ಅಂತ ಕಾಲು ಹೇಳದಿದ್ದಾಗ ಕಣ್ಣು ನೋಡಿ ನಡೆಸುತ್ತದೆ. ಕರೆಂಟು ಹೋದ ರಾತ್ರಿ ಅದೂ ಇಲ್ಲ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದದ್ದು ಹಾಗೆ.

ನಿನ್ನದು ಹಾಗಾಗುವುದಿಲ್ಲ. ವಯಸ್ಸು ಚಿಕ್ಕದು, ಬೇಗ ಸಿಕ್ಕಿದೆ. ಜುಮ್ಮೆಂದ ಕೂಡಲೇ ಯಾರನ್ನೂ ಕೇಳದೆ ಟೆಸ್ಟ್ ಮಾಡಿಸಿದೆಯಲ್ಲ, ನಮ್ಮ ಮನೆಯಲ್ಲಿ ಅಷ್ಟು ಬುದ್ಧಿ ಯಾರಿಗಿತ್ತು? ಅದನ್ನು ನಾನು ಓಣಿಯಲ್ಲೆಲ್ಲಾ ಹೇಳಿಕೊಂಡು ಬಂದಿದ್ದೇನೆ. ಆದರೆ ಸುಸ್ತು ಹೋಗಲು ವಾರಗಳು ಸಾಕು, ನರ ಸುಧಾರಿಸಲು ತಿಂಗಳುಗಳು ಬೇಕು. ಡಾಕ್ಟರು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅಂತ ಬರೆದದ್ದು ಸುಮ್ನೆ ಅಲ್ಲ.

ಪುಂಡಿ ಪಲ್ಯ ತಿಂದರೆ ಸರಿ ಹೋಗುತ್ತದೆ ಅಂತ ನಿನ್ನ ಅತ್ತೆ ಹೇಳಿದಳಂತೆ. ಪಲ್ಯ ತಿನ್ನು, ಒಳ್ಳೆಯದೇ. ಆದರೆ ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ಲೆಕ್ಕಕ್ಕೆ ಸಿಗುವಷ್ಟು ಬಿ12 ಇಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ, ನಮಗೆ ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸದಿಂದ. ರೊಟ್ಟಿಯನ್ನೂ ಪೂರ್ತಿ ನಂಬಬೇಡ. ಜೋಳವನ್ನೇ ನಂಬಿದ ಬಡವರಲ್ಲಿ ಬಿ3 ಅನ್ನೋ ಇನ್ನೊಂದು ವಿಟಮಿನ್ ಕೊರತೆಯಿಂದ ಪೆಲ್ಲಾಗ್ರಾ ಅನ್ನೋ ಚರ್ಮ ಕೆಡುವ ರೋಗ ಬರುತ್ತಿತ್ತು. ಹೈದರಾಬಾದಿನಲ್ಲಿ ಆಹಾರ ವಿಜ್ಞಾನಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ದಶಕದಲ್ಲೇ ಅದರ ಅಧ್ಯಯನ ಮಾಡಿದ್ದರು. ನೋಡು, ಮತ್ತೆ ಪಾಠ ಶುರುವಾಯಿತು.

ಮೊಟ್ಟೆ ತಿನ್ನಬೇಕು ಅನ್ನಿಸಿದರೆ ತಿನ್ನು. ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ, ನಿನ್ನ ಅವ್ವನಿಗೆ ನಾನು ಹೇಳಿದ್ದೇನೆ. ಆದರೆ ಒಂದು ಮೊಟ್ಟೆಯಲ್ಲಿ ಸುಮಾರು ಅರ್ಧ ಮೈಕ್ರೋಗ್ರಾಂ ಸಿಗುತ್ತದೆ, ದಿನಕ್ಕೆ ಬೇಕಾದದ್ದು 2ಕ್ಕಿಂತ ಜಾಸ್ತಿ. ಖಾಲಿಯಾದದ್ದನ್ನು ತುಂಬಲು ಈಗ ಇಂಜೆಕ್ಷನ್ನೇ ಬೇಕು. ದಿನಾ ಗ್ಯಾಸಿನ ಮಾತ್ರೆ ನುಂಗುತ್ತೀಯಲ್ಲ, ಅದನ್ನೂ ಡಾಕ್ಟರಿಗೆ ಹೇಳು. ಹೊಟ್ಟೆಯ ಆಮ್ಲ ಕಡಿಮೆಯಾದರೆ ಊಟದಿಂದ ಬಿ12 ಬಿಡಿಸಿಕೊಳ್ಳುವುದು ಕಷ್ಟ.

ಅವ್ವ ಶೇಂಗಾ ಹಿಂಡಿ ಕುಟ್ಟಿದ್ದಾಳೆ, ಖಡಕ್ ರೊಟ್ಟಿ ಜೊತೆ ಕಳಿಸುತ್ತೇವೆ. ನಾಳೆ ಆಫೀಸಿನಿಂದ ಬರುವಾಗ ಡಾಕ್ಟರ ಹತ್ತಿರ ಹೋಗು. ನಡುವೆ ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ, ಮುಂದಿನದು ಯಾವತ್ತು ಅಂತ ಕೇಳಿ ನನಗೆ ತಿಳಿಸು.

ನಿನ್ನ ಅಪ್ಪ